ನಾಲಗೆ ಅಂಗುಳಕ್ಕೆ ಎಲ್ಲಿ ತಾಗುತ್ತದೆ? ಸೆನ್ಸರ್ ಪ್ಲೇಟ್ ಇಟ್ಟು ಅಳೆಯುವ ಬಗೆ

"ಮಾತಾಡುವಾಗ ನಾಲಗೆ ಅಂಗುಳದ ಯಾವ ಜಾಗಕ್ಕೆ ತಾಗುತ್ತೆ ಅಂತ ಸೆನ್ಸರ್ ಇಟ್ಟು ನೋಡಬಹುದಂತೆ. ಹೇಗೆ?" ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಓದುಗರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಮೂರು ಬಗೆ. ಕನ್ನಡದಲ್ಲಿ ಎಂ.ಎ., ಪಿಎಚ್.ಡಿ. ಮಾಡುತ್ತಿರುವವರು. ಕೊನೆ ವರ್ಷದ ಪ್ರಾಜೆಕ್ಟ್ ಹುಡುಕುತ್ತಿರುವ ಎಂಜಿನಿಯರಿಂಗ್ ಹುಡುಗರು. ಮಗುವಿನ ಮಾತು ಸ್ಪಷ್ಟವಿಲ್ಲ ಅಂತ ಚಿಂತೆಯಲ್ಲಿರುವ ಅಪ್ಪ ಅಮ್ಮಂದಿರು. ಈ ಬರಹ ಹೆಚ್ಚಾಗಿ ಮೊದಲನೆಯವರಿಗೆ. ಉಳಿದಿಬ್ಬರಿಗೆ ಕೊನೆಯಲ್ಲಿ ಬೇರೆಯಾಗಿ ಹೇಳಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಯಂತ್ರದ ಬಗ್ಗೆಯೇ ಕೇಳುತ್ತಾರೆ. ಯಾವ ಕಂಪನಿ, ಎಷ್ಟು ಸೆನ್ಸರ್, ಯಾವ ಸಾಫ್ಟ್‌ವೇರ್. ಆದರೆ ಈ ಕೆಲಸ ಕೆಡುವುದು ಯಂತ್ರದಿಂದ ಅಲ್ಲ. ಹಲ್ಲಿನ ಅಳತೆ ತೆಗೆಯುವಾಗ ಕೆಡುತ್ತದೆ, ಪದಗಳ ಪಟ್ಟಿ ಮಾಡುವಾಗ ಕೆಡುತ್ತದೆ. ಹಾಗಾಗಿ ಆ ಎರಡು ಹಂತಗಳನ್ನು ನಿಧಾನವಾಗಿ ಓದಿ.

ಇದು ಕೆಲಸ ಮಾಡುವ ಬಗೆ

ಈ ವಿಧಾನಕ್ಕೆ ಎಲೆಕ್ಟ್ರೋಪ್ಯಾಲಟೋಗ್ರಫಿ ಅಂತ ಹೆಸರು. ಚಿಕ್ಕದಾಗಿ ಇಪಿಜಿ. ಮೇಲಿನ ಹಲ್ಲುಗಳಿಗೆ ಸಿಕ್ಕಿಕೊಂಡು ಅಂಗುಳಕ್ಕೆ ಅಂಟಿದ ಹಾಗೆ ಕೂರುವ ಒಂದು ಅಕ್ರಿಲಿಕ್ ಪ್ಲೇಟ್ ಇರುತ್ತದೆ. ದಪ್ಪ ಸುಮಾರು ಒಂದೂವರೆ ಮಿಲಿಮೀಟರ್. ನಾಲಗೆ ಕಡೆಯ ಮೈಯಲ್ಲಿ ಬೆಳ್ಳಿಯ ಸಣ್ಣ ಚುಕ್ಕಿಗಳು. ಒಂದೊಂದು ಚುಕ್ಕಿಯೂ ಒಂದು ಎಲೆಕ್ಟ್ರೋಡ್, ಅಂದರೆ ಕರೆಂಟು ಹರಿಯಬಲ್ಲ ಸಂಪರ್ಕ ಬಿಂದು. ಅವುಗಳಿಂದ ಹೊರಟ ತೆಳ್ಳಗಿನ ತಂತಿಗಳು ಎರಡು ಕಟ್ಟಾಗಿ ಬಾಯಿಯ ಎರಡು ಮೂಲೆಯಿಂದ ಹೊರಗೆ ಬರುತ್ತವೆ.

ಮಾತಾಡುವವರ ಕೈಗೆ ಇನ್ನೊಂದು ಎಲೆಕ್ಟ್ರೋಡ್ ಕೊಡುತ್ತಾರೆ, ಇಲ್ಲವೇ ಮಣಿಕಟ್ಟಿಗೆ ಕಟ್ಟುತ್ತಾರೆ. ಅದರಿಂದ ಮೈಗೆ ಅರಿವಿಗೇ ಬಾರದಷ್ಟು ಸಣ್ಣ ಸಿಗ್ನಲ್ ಹೋಗುತ್ತದೆ. ನಾಲಗೆ ಒಂದು ಚುಕ್ಕಿಗೆ ತಾಗಿದ ಕೂಡಲೇ ಅಲ್ಲಿ ಸರ್ಕ್ಯೂಟ್ ಪೂರ್ತಿಯಾಗುತ್ತದೆ. ಯಂತ್ರ ಅದನ್ನು "ತಾಗಿದೆ" ಅಂತ ಬರೆದುಕೊಳ್ಳುತ್ತದೆ. ಬಿಟ್ಟ ಕೂಡಲೇ "ತಾಗಿಲ್ಲ". ಅಷ್ಟೇ ಲೆಕ್ಕ. ಎಷ್ಟು ಬಲವಾಗಿ ತಾಗಿತು ಅನ್ನುವುದು ಇದಕ್ಕೆ ತಿಳಿಯದು.

ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಮಾದರಿ ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿ 62 ಚುಕ್ಕಿಗಳು, ಒಟ್ಟು 8 ಸಾಲು. ಮುಂದಿನ ಹಲ್ಲಿನ ಹಿಂದಿರುವ ಮೊದಲ ಸಾಲಿನಲ್ಲಿ 6, ಉಳಿದ ಏಳು ಸಾಲಿನಲ್ಲಿ ತಲಾ 8. ಕೊನೆಯ ಸಾಲು ಗಟ್ಟಿ ಅಂಗುಳ ಮುಗಿದು ಮೆದು ಅಂಗುಳ ಶುರುವಾಗುವ ಗೆರೆಯ ಹತ್ತಿರ. ಮುಂದಿನ ನಾಲ್ಕು ಸಾಲುಗಳು ಒತ್ತೊತ್ತಾಗಿವೆ, ಹಿಂದಿನವು ದೂರ ದೂರ. ಕಾರಣ ಇಷ್ಟೇ: ನಾಲಗೆಯ ನಾಜೂಕಿನ ಕೆಲಸವೆಲ್ಲ ನಡೆಯುವುದು ಮುಂದೆ. ಸಾಮಾನ್ಯವಾಗಿ ಸೆಕೆಂಡಿಗೆ 100 ಸಲ ಎಲ್ಲ ಚುಕ್ಕಿಗಳನ್ನೂ ನೋಡಲಾಗುತ್ತದೆ. ಒಂದೊಂದು ನೋಟಕ್ಕೆ ಫ್ರೇಮ್ ಅನ್ನುತ್ತಾರೆ. ಒಂದು ಸೆಕೆಂಡಿನ ಮಾತಿಗೆ 100 ಫ್ರೇಮ್, 6,200 ಉತ್ತರ. ಅಮೆರಿಕದ ಸ್ಮಾರ್ಟ್‌ಪ್ಯಾಲೆಟ್ ಅನ್ನುವ ಮಾದರಿಯಲ್ಲಿ 124 ಸೆನ್ಸರ್ ಇವೆ. ಚುಕ್ಕಿ ಜಾಸ್ತಿ ಇದ್ದರೆ ನಿಮ್ಮ ಕೆಲಸ ತಾನಾಗಿ ಚೆನ್ನಾಗುತ್ತದೆ ಅಂದುಕೊಳ್ಳಬೇಡಿ.

ಏನು ಬೇಕು

ಹಲ್ಲಿನ ಡಾಕ್ಟರ ಸಹಾಯ. ಒಬ್ಬೊಬ್ಬರಿಗೂ ಅವರದೇ ಅಳತೆಯ ಪ್ಲೇಟ್. ಇಪಿಜಿ ಯಂತ್ರ ಮತ್ತು ಅದರ ಸಾಫ್ಟ್‌ವೇರ್. ಒಳ್ಳೆಯ ಮೈಕ್. ಬ್ಯಾಟರಿ ಮೇಲೆ ನಡೆಯುವ ಲ್ಯಾಪ್‌ಟಾಪ್. ಎಥಿಕ್ಸ್ ಕಮಿಟಿಯ, ಅಂದರೆ ಜನರ ಮೇಲೆ ನಡೆಸುವ ಅಧ್ಯಯನ ಸರಿಯಾಗಿದೆಯಾ ಅಂತ ನೋಡುವ ಸಮಿತಿಯ, ಒಪ್ಪಿಗೆ ಪತ್ರ.

ಯಂತ್ರವನ್ನು ನೀವೇ ಕೊಳ್ಳುವ ಯೋಚನೆ ಬಿಡಿ. ವಾಕ್ ಶ್ರವಣ ವಿಜ್ಞಾನ ಕಲಿಸುವ ಕಡೆ, ಧ್ವನಿಶಾಸ್ತ್ರದ ಲ್ಯಾಬ್ ಇರುವ ಕಡೆ ವಿಚಾರಿಸಿ. ನಮ್ಮ ಜಿಲ್ಲೆಗಳವರು ಮೊದಲು ಕೇಳಬೇಕಾದ ಜಾಗ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಸುಮ್ನೆ ಬಸ್ಸು ಹತ್ತಬೇಡಿ. ನಿಮ್ಮ ಗೈಡ್ ಸಹಿ ಮಾಡಿದ ಪತ್ರದಲ್ಲಿ ಏನು ಅಳೆಯಬೇಕು, ಎಷ್ಟು ಜನ, ಎಷ್ಟು ದಿನ ಅಂತ ಬರೆದು ಕಳಿಸಿ. ಯಾವ ಉಪಕರಣ ಈಗ ನಡೆಯುತ್ತಿದೆ, ಹೊರಗಿನವರಿಗೆ ಕೊಡುತ್ತಾರಾ ಅನ್ನುವುದು ಗೊತ್ತಾದ ಮೇಲೆ ಮುಂದಿನ ಮಾತು.

ಹಂತ 1: ಪ್ರಶ್ನೆಯನ್ನು ಚಿಕ್ಕದು ಮಾಡಿ

"ಕೋಲಾರದ ಕನ್ನಡದ ಉಚ್ಚಾರಣೆ" ಅನ್ನುವುದು ಪ್ರಶ್ನೆ ಅಲ್ಲ. "ಮನೆಯಲ್ಲಿ ತೆಲುಗು ಆಡುವ ಮುಳಬಾಗಿಲಿನವರು ಕನ್ನಡದ ಚಕಾರ ಹೇಳುವಾಗ ನಾಲಗೆ ಎಷ್ಟು ಮುಂದೆ ತಾಗುತ್ತದೆ?" ಇದು ಪ್ರಶ್ನೆ. ತೆಲುಗಿನಲ್ಲಿ ಅ, ಆ, ಉ, ಒ ಮುಂತಾದ ಸ್ವರಗಳ ಮುಂದೆ ಬರುವ ಚಕಾರ ಹಲ್ಲಿನ ಕಡೆ ಸರಿದು "ತ್ಸ" ಥರ ಕೇಳುತ್ತದೆ. ಆ ರೂಢಿ ಕನ್ನಡಕ್ಕೂ ಬರುತ್ತದಾ ಅಂತ ಕಿವಿಯಿಂದ ತೀರ್ಮಾನಿಸುವುದು ಕಷ್ಟ. ಪ್ಲೇಟ್ ಹೇಳಬಲ್ಲದು.

ಇನ್ನೂ ಕೆಲವು ಒಳ್ಳೆಯ ಪ್ರಶ್ನೆಗಳು ನಮ್ಮ ಸುತ್ತಲೇ ಇವೆ. ಶ ಮತ್ತು ಷ ಬೇರೆ ಬೇರೆ ಅಂತ ಶಾಲೆಯಲ್ಲಿ ಕಲಿಸುತ್ತೇವೆ. ಬಾಯಿಯೊಳಗೆ ಎರಡೂ ಬೇರೆಯಾಗಿವೆಯಾ? ಬಲೆ, ಬಳೆ ಎರಡನ್ನೂ ಒಂದೇ ಥರ ಹೇಳುವವರ ನಾಲಗೆಯಲ್ಲಿ ಕಿವಿಗೆ ಕೇಳದ ಸಣ್ಣ ವ್ಯತ್ಯಾಸವಾದರೂ ಉಳಿದಿದೆಯಾ? ನನಗೆ ಕೇಳಿದರೆ ಎರಡನೆಯದೇ ಹೆಚ್ಚು ರುಚಿಯಾದ ಪ್ರಶ್ನೆ.

ಇಪಿಜಿ ಹೇಳದ ಸಂಗತಿಗಳನ್ನೂ ಈಗಲೇ ತಿಳಿದಿರಿ. ನಾಲಗೆಯ ಯಾವ ಭಾಗ ತಾಗಿತು ಅಂತ ಅದು ಹೇಳುವುದಿಲ್ಲ. ಟಕಾರಕ್ಕೆ ತುದಿ ತಾಗಿರಬಹುದು, ತುದಿಯ ಅಡಿಭಾಗ ತಾಗಿರಬಹುದು. ಪ್ಲೇಟಿನ ಲೆಕ್ಕದಲ್ಲಿ ಎರಡೂ ಒಂದೇ. ಅದು ತಿಳಿಯಬೇಕಾದರೆ ಗದ್ದದ ಕೆಳಗೆ ಇಟ್ಟು ನೋಡುವ ಅಲ್ಟ್ರಾಸೌಂಡ್ ಬೇಕು. ಹಲ್ಲಿನ ಮೇಲೆ ಸೆನ್ಸರ್ ಇಲ್ಲ. ಹಾಗಾಗಿ ತಕಾರಕ್ಕೆ ನಾಲಗೆ ಹಲ್ಲಿಗೆ ತಾಗುವುದು ಕಾಣುವುದಿಲ್ಲ, ಅದರ ಹಿಂದಿನ ಭಾಗವಷ್ಟೇ ಕಾಣುತ್ತದೆ. ಕಕಾರದ್ದು ಇನ್ನೂ ಕಷ್ಟ. "ಅಕ್ಕ" ಅನ್ನುವಾಗ ನಾಲಗೆ ತಾಗುವ ಜಾಗ ಎಷ್ಟೋ ಜನರಲ್ಲಿ ಪ್ಲೇಟಿನ ಹಿಂದೆಯೇ ಉಳಿದುಬಿಡುತ್ತದೆ. ಕ, ಗ ಮೇಲೆ ಪ್ರಬಂಧ ಬರೆಯುವ ಆಸೆಯಿದ್ದರೆ ಬೇರೆ ವಿಧಾನ ಹುಡುಕಿ.

ಹಂತ 2: ಖರ್ಚಿಲ್ಲದೆ ಒಂದು ರಿಹರ್ಸಲ್

ಸೆನ್ಸರ್ ಮುಟ್ಟುವ ಮೊದಲು ಹಳೆಯ ವಿಧಾನ ಒಂದು ಸಲ ಮಾಡಿ ನೋಡಿ. 19ನೇ ಶತಮಾನದ ಹಲ್ಲಿನ ಡಾಕ್ಟರುಗಳಿಂದ ಶುರುವಾಗಿ ಇವತ್ತಿಗೂ ಭಾಷಾ ಸಂಶೋಧಕರು ಹಳ್ಳಿಗಳಲ್ಲಿ ಬಳಸುವ ವಿಧಾನ ಇದು. ಮೆಡಿಕಲ್ ಶಾಪಿನಲ್ಲಿ ಸಿಗುವ, ಸೇವಿಸಲು ಯೋಗ್ಯವಾದ ಆಕ್ಟಿವೇಟೆಡ್ ಚಾರ್ಕೋಲ್ ಪುಡಿ ತನ್ನಿ. ಅಡುಗೆಗೆ ಬಳಸುವ ಎಣ್ಣೆಯಲ್ಲಿ ಕಲಸಿ. ಹೊಸ ಮೆತ್ತನೆ ಬ್ರಷ್‌ನಿಂದ ನಾಲಗೆಗೆ ಹಚ್ಚಿ. ಎಂಜಲು ನುಂಗದೆ ಒಂದೇ ಪದ, ಒಂದೇ ಸಲ ಹೇಳಿ. "ಅಟ್ಟ" ಅನ್ನಿ. ಬಾಯಿ ಅಗಲ ತೆರೆದು, ಮೇಲಿನ ಹಲ್ಲಿನ ಕೆಳಗೆ ಸಣ್ಣ ಕನ್ನಡಿ ಓರೆಯಾಗಿ ಹಿಡಿದು, ಕನ್ನಡಿಯಲ್ಲಿ ಕಾಣುವ ಅಂಗುಳದ ಫೋಟೋವನ್ನು ಮೊಬೈಲಿನಲ್ಲಿ ತೆಗೆಯಿರಿ. ಕಪ್ಪು ಮೆತ್ತಿಕೊಂಡ ಜಾಗವೇ ನಾಲಗೆ ತಾಗಿದ ಜಾಗ. ಬಾಯಿ ತೊಳೆದು "ಅತ್ತೆ" ಹೇಳಿ, ಇನ್ನೊಂದು ಫೋಟೋ. ಎರಡನ್ನೂ ಪಕ್ಕಪಕ್ಕ ಇಡಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಇಲ್ಲಿ ಎಡವುವುದು ಪದದ ಆಯ್ಕೆಯಲ್ಲಿ. "ತಟ್ಟೆ" ಹೇಳಿದರೆ ತ ಮತ್ತು ಟ ಎರಡರ ಕಪ್ಪೂ ಕಲೆತುಹೋಗುತ್ತದೆ. ನಾಲಗೆ ಒಂದೇ ಕಡೆ ತಾಗುವ ಪದ ಬೇಕು: ಅಣ್ಣ, ಅಟ್ಟ, ಬಳೆ. ಇನ್ನೊಂದು ಎಚ್ಚರ. ಈ ಚಾರ್ಕೋಲ್ ಹೊಟ್ಟೆಗೆ ಹೋದರೆ ಮಾತ್ರೆಗಳ ಔಷಧಿಯನ್ನು ಹೀರಿಕೊಳ್ಳುತ್ತದೆ. ದಿನಾ ಬಿಪಿ, ಶುಗರ್, ಫಿಟ್ಸ್ ಮಾತ್ರೆ ತಗೊಳ್ಳುವವರ ಮೇಲೆ ಇದನ್ನು ಮಾಡಬೇಡಿ.

ಎಷ್ಟೋ ಎಂ.ಎ. ಪ್ರಾಜೆಕ್ಟ್‌ಗಳಿಗೆ ಇಷ್ಟೇ ಸಾಕು. ನಿಜವಾಗಿ. ಮಾತಾಡುವಾಗ ಕ್ಷಣಕ್ಷಣಕ್ಕೂ ನಾಲಗೆ ಹೇಗೆ ಸರಿಯಿತು ಅನ್ನುವುದು ಬೇಕಾದಾಗ ಮಾತ್ರ ಮುಂದಿನ ಹಂತಗಳು.

ಹಂತ 3: ಒಪ್ಪಿಗೆ ಪತ್ರ ಮತ್ತು ಜನರ ಆಯ್ಕೆ

ಬೇರೆಯವರ ಬಾಯಿಯೊಳಗೆ ಏನೇ ಇಡುವುದಾದರೂ ಸಂಸ್ಥೆಯ ಎಥಿಕ್ಸ್ ಕಮಿಟಿ ಒಪ್ಪಿಗೆ ಮೊದಲು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೊರಡಿಸಿದ 2017ರ ಮಾರ್ಗಸೂಚಿ ಇದಕ್ಕೆ ಆಧಾರ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಬೇಕಾದವರಿಗೆ ತೆಲುಗು, ಉರ್ದುವಿನಲ್ಲೂ ಇರಲಿ. "ಯಾವಾಗ ಬೇಕಾದರೂ ನಿಲ್ಲಿಸಬಹುದು" ಅನ್ನುವ ಸಾಲು ಓದಿ ಹೇಳಿ, ಸುಮ್ನೆ ಸಹಿ ಹಾಕಿಸಬೇಡಿ. ಕಮಿಟಿ ಸಭೆ ತಿಂಗಳುಗಟ್ಟಲೆ ತಡವಾಗಬಹುದು. ಅರ್ಜಿ ಬೇಗ ಹಾಕಿ.

ಜನರ ಸಂಖ್ಯೆ ಬಗ್ಗೆ ಗಾಬರಿ ಬೇಡ. ಒಬ್ಬೊಬ್ಬರಿಗೂ ಬೇರೆ ಪ್ಲೇಟ್ ಮಾಡಿಸಬೇಕಾದ್ದರಿಂದ ಐದಾರು ಜನರ ಅಧ್ಯಯನ ಈ ಕ್ಷೇತ್ರದಲ್ಲಿ ಸಾಮಾನ್ಯ.

ಯಾರನ್ನು ಬಿಡಬೇಕು? ಎದೆಯಲ್ಲಿ ಪೇಸ್‌ಮೇಕರ್ ಇರುವವರನ್ನು. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರನ್ನು, ಯಾಕೆಂದರೆ ಅವರ ಹಲ್ಲು ಸರಿಯುತ್ತಲೇ ಇರುತ್ತದೆ. ಮೇಲಿನ ದವಡೆ ಹಲ್ಲು ಅಲುಗಾಡುವವರನ್ನು, ಏಕೆಂದರೆ ಪ್ಲೇಟ್ ನಿಲ್ಲುವುದೇ ಅವುಗಳ ಆಧಾರದಲ್ಲಿ. ಗುಟ್ಕಾ, ಅಡಿಕೆ ಬಹಳ ವರ್ಷ ಹಾಕಿ ಬಾಯಿ ಬಿಗಿಯಾದವರಿಗೆ ಅಳತೆಯ ಟ್ರೇ ಒಳಗೆ ಹೋಗುವುದೇ ಕಷ್ಟ. ಅವರು ಪ್ಲೇಟಿಗಿಂತ ಮೊದಲು ಡಾಕ್ಟರ್ ಹತ್ತಿರ ತೋರಿಸಿಕೊಳ್ಳಲಿ. ಪಾವಗಡ, ಬಾಗೇಪಲ್ಲಿ ಕಡೆ ಫ್ಲೋರೈಡ್ ನೀರಿನಿಂದ ಹಲ್ಲು ಕಂದು ಬಣ್ಣಕ್ಕೆ ತಿರುಗಿದವರು ಬಹಳ ಜನ ಇದ್ದಾರೆ. ಬಾಯಿ ತೆರೆಯಲು ನಾಚುತ್ತಾರೆ. ಕಲೆಯಿಂದ ಅಳತೆಗೆ ಏನೂ ತೊಂದರೆಯಿಲ್ಲ ಅಂತ ಮೊದಲೇ ಹೇಳಿ.

ಭಾಷೆಯ ಹಿನ್ನೆಲೆ ಕೇಳುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. "ಮಾತೃಭಾಷೆ ಯಾವುದು?" ಅಂತ ಕೇಳಿದರೆ ಕಾಗದದ ಮೇಲೆ "ಕನ್ನಡ" ಅಂತ ಬರುತ್ತದೆ. ಅಜ್ಜಿ ಜೊತೆ ಯಾವ ಮಾತು, ಅಪ್ಪನ ಜೊತೆ ಯಾವುದು, ಸಂತೆಯಲ್ಲಿ ಯಾವುದು, ಸಿಟ್ಟು ಬಂದಾಗ ಯಾವುದು ಅಂತ ಬಿಡಿಬಿಡಿಯಾಗಿ ಕೇಳಿ. ಶ್ರೀನಿವಾಸಪುರದಲ್ಲಿ, ಗೌರಿಬಿದನೂರಿನಲ್ಲಿ ತೆಲುಗು ಹೊರಗೆ ಬರುತ್ತದೆ. ಕೆಜಿಎಫ್‌ನಲ್ಲಿ ತಮಿಳು. ಇದನ್ನು ಬಿಟ್ಟರೆ ಆಮೇಲೆ ಬಂದ ಅಂಕಿಗಳಿಗೆ ಅರ್ಥ ಹೇಳಲಾಗುವುದಿಲ್ಲ.

ಹಂತ 4: ಹಲ್ಲಿನ ಅಳತೆ

ಹಲ್ಲಿನ ಸೆಟ್ ಕಟ್ಟಿಸುವವರಿಗೆ ತೆಗೆಯುವ ಹಾಗೇ ಮೇಲಿನ ದವಡೆಯ ಅಳತೆ ತೆಗೆಯುತ್ತಾರೆ. ಅಲ್ಜಿನೇಟ್ ಅನ್ನುವ ಪುಡಿಯನ್ನು ನೀರಲ್ಲಿ ಕಲಸಿ ಟ್ರೇಗೆ ತುಂಬಿ ಬಾಯಿಗೆ ಒತ್ತುತ್ತಾರೆ. ಒಂದೆರಡು ನಿಮಿಷದಲ್ಲಿ ರಬ್ಬರಿನಂತೆ ಗಟ್ಟಿಯಾಗುತ್ತದೆ. ತೆಗೆದ ಮೇಲೆ ಆ ಅಚ್ಚಿಗೆ ಡೆಂಟಲ್ ಸ್ಟೋನ್ (ಪ್ಲಾಸ್ಟರಿನಂಥ ಪುಡಿಯ ಕಲಸು) ಹೊಯ್ದರೆ ಬಾಯಿಯ ಪ್ರತಿರೂಪ ಸಿಗುತ್ತದೆ. ಅದನ್ನು ಮಾಡೆಲ್ ಅನ್ನುತ್ತಾರೆ. ತುಮಕೂರಿನಲ್ಲಿ ಡೆಂಟಲ್ ಕಾಲೇಜೇ ಇದೆ, ಉಳಿದ ಊರುಗಳಲ್ಲಿ ಖಾಸಗಿ ಕ್ಲಿನಿಕ್‌ಗಳಿವೆ. ಎಲ್ಲಿ ಬೇಕಾದರೂ ಆಗುವ ಕೆಲಸ.

ಆಗುವ ಕೆಲಸವೇ, ಆದರೆ ಕೆಡುವುದೂ ಇಲ್ಲೇ. ಅಲ್ಜಿನೇಟ್ ಅಚ್ಚಿನಲ್ಲಿ ನೀರು ತುಂಬಿರುತ್ತದೆ. ಗಾಳಿಗೆ ಬಿಟ್ಟರೆ ನೀರು ಆರಿ ಕುಗ್ಗುತ್ತದೆ. "ಅಚ್ಚು ಕೊಡಿ, ಬೆಂಗಳೂರಿನ ಲ್ಯಾಬಿಗೆ ನಾನೇ ಒಯ್ಯುತ್ತೇನೆ" ಅಂತ ಕವರಿನಲ್ಲಿ ಹಾಕಿಕೊಂಡು ಏಪ್ರಿಲ್ ಬಿಸಿಲಲ್ಲಿ ಕೋಲಾರದಿಂದ ಬಸ್ಸು ಹತ್ತಿದರೆ, ಇಳಿಯುವ ಹೊತ್ತಿಗೆ ಅದು ಬೇರೆ ಯಾರದೋ ಬಾಯಿಯ ಅಳತೆಯಾಗಿರುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಪ್ಲೇಟ್ ಬಂದ ಮೇಲೆ ಕೂರುವುದಿಲ್ಲ, ಆಗ ಗೊತ್ತಾಗುತ್ತದೆ. ಅಳತೆ ತೆಗೆದ ಕ್ಲಿನಿಕ್‌ನಲ್ಲೇ, ಕೂಡಲೇ, ಸ್ಟೋನ್ ಹೊಯ್ಯಿಸಿ. ಐದು ಹತ್ತು ನಿಮಿಷ ಕಾಯಬೇಕಾದರೆ ಒದ್ದೆ ಹತ್ತಿ ಅಥವಾ ಗಾಜ್ ಬಟ್ಟೆ ಸುತ್ತಿಡಲಿ. ಪಾರ್ಸೆಲ್ ಕಳಿಸಬೇಕಾದ್ದು ಗಟ್ಟಿಯಾದ ಮಾಡೆಲನ್ನೇ ಹೊರತು ಅಚ್ಚನ್ನಲ್ಲ.

ಮಾಡೆಲ್ ಕೈಗೆ ಬಂದಾಗ ಕಿಟಕಿ ಬೆಳಕಿಗೆ ಹಿಡಿದು ನೋಡಿ. ಮುಂದಿನ ಹಲ್ಲಿನ ಹಿಂದಿರುವ ದಿಬ್ಬದಲ್ಲಿ ಗಾಳಿಗುಳ್ಳೆಯ ಗುಂಡಿ, ಗಂಟು ಇರಬಾರದು. ಆ ಜಾಗದಲ್ಲೇ ಅಲ್ವಾ ತ, ನ, ಲ, ಸ ಎಲ್ಲ ನಡೆಯುವುದು. ಕೊನೆಯ ದವಡೆ ಹಲ್ಲಿನ ಹಿಂದಿನ ಭಾಗವೂ ಪೂರ್ತಿ ಬಂದಿರಬೇಕು. ಸೆಟ್ ಕಟ್ಟುವ ಕೆಲವರು ಹಿಂಭಾಗದ ಬಗ್ಗೆ ತಲೆಕೆಡಿಸಿಕೊಳ್ಳುವುದಿಲ್ಲ. ಮೊದಲೇ ಹೇಳಿಡಿ. ಬಿಳಿ ಪ್ಲಾಸ್ಟರ್‌ಗಿಂತ ಡೆಂಟಲ್ ಸ್ಟೋನ್ ಗಟ್ಟಿ, ದಾರಿಯಲ್ಲಿ ಹಲ್ಲು ಮುರಿಯುವುದಿಲ್ಲ. ಒಂದರ ಬದಲು ಎರಡು ಮಾಡೆಲ್ ಮಾಡಿಸಿ. ಒಂದು ಪ್ಲೇಟ್ ಮಾಡುವವರಿಗೆ, ಒಂದು ನಿಮ್ಮ ಹತ್ತಿರ.

ಅಳತೆ ಕೊಡುವವರು ಹೊಟ್ಟೆ ಬಿರಿಯ ಊಟ ಮಾಡಿ ಬರುವುದು ಬೇಡ. ಓಕರಿಕೆ ಬರುವವರು ತಲೆ ಸ್ವಲ್ಪ ಮುಂದೆ ಬಾಗಿಸಿ ಮೂಗಿನಿಂದ ಉಸಿರಾಡಲಿ. ಅಳತೆ ಕೊಟ್ಟು ಪ್ಲೇಟ್ ಬರುವ ತನಕ ಮೇಲಿನ ಹಲ್ಲು ಕೀಳಿಸುವುದು, ಹೊಸ ಕ್ಯಾಪ್ ಹಾಕಿಸುವುದು ಮಾಡಬಾರದು ಅಂತ ಬರೆದುಕೊಡಿ. ಮಾಡಿಸಿದರೆ ಅಳತೆ ಹೊಸದಾಗಿ.

ಹಂತ 5: ಪದಗಳ ಪಟ್ಟಿ

ಇಪಿಜಿಗೆ ಪದ ಆರಿಸುವುದು ನಿಘಂಟಿನಿಂದ ಪದ ಹೆಕ್ಕಿದ ಹಾಗಲ್ಲ. ಒಂದೇ ಒಂದು ಅಕ್ಷರ ಬೇರೆ ಇರುವ ಜೋಡಿಗಳು ಬೇಕು. ನಮ್ಮ ಪುಣ್ಯ, ಕನ್ನಡದಲ್ಲಿ ಇವು ಧಾರಾಳ.

ತ ಮತ್ತು ಟ: ಕತ್ತು, ಕಟ್ಟು. ಹತ್ತಿ, ಹಟ್ಟಿ. ಮುತ್ತು, ಮುಟ್ಟು.
ನ ಮತ್ತು ಣ: ಅನ್ನ, ಅಣ್ಣ.
ಲ ಮತ್ತು ಳ: ಬಲೆ, ಬಳೆ. ಹುಲಿ, ಹುಳಿ. ಹಲ್ಲಿ, ಹಳ್ಳಿ.

ಒತ್ತಕ್ಷರದ ಪದಗಳಲ್ಲಿ ನಾಲಗೆ ಹೆಚ್ಚು ಹೊತ್ತು ನಿಲ್ಲುತ್ತದೆ, ಆದ್ದರಿಂದ ಚಿತ್ರ ಸ್ಪಷ್ಟ. "ಹುಡುಗ" ಪದದ ಡಕಾರದಲ್ಲಿ ನಾಲಗೆ ಬಡಿದು ಓಡಿಬಿಡುತ್ತದೆ. ಸೆಕೆಂಡಿಗೆ 100 ಫ್ರೇಮ್ ಇದ್ದರೂ ಎರಡು ಮೂರು ಫ್ರೇಮಿನಲ್ಲಿ ಮುಗಿದುಹೋಗಬಹುದು. ಹೊಸಬರು ಒತ್ತಕ್ಷರದಿಂದಲೇ ಶುರುಮಾಡಿ.

ಪದವನ್ನು ಒಂಟಿಯಾಗಿ ಹೇಳಿಸಬೇಡಿ, ಒಂದೇ ಚೌಕಟ್ಟಿನ ವಾಕ್ಯದಲ್ಲಿ ಕೂರಿಸಿ. ಎಲ್ಲರೂ ಬರೆಯುವ ವಾಕ್ಯ "ಈಗ ಕಟ್ಟು ಅಂತ ಹೇಳಿ". ಇದು ಸರಿಯಿಲ್ಲ. ಕಟ್ಟು ಮತ್ತು ಅಂತ ಕೂಡಿ "ಕಟ್ಟಂತ" ಆಗಿಬಿಡುತ್ತದೆ. "ಅಂತ"ದ ತಕಾರ ಬೇರೆ ಪಕ್ಕದಲ್ಲೇ ಬಂದು ಕೂರುತ್ತದೆ. ಪದದ ಎರಡು ಕಡೆಯೂ ತುಟಿಯಿಂದ ಹುಟ್ಟುವ ಅಕ್ಷರ ಇರುವಂತೆ ನೋಡಿಕೊಳ್ಳಿ. "ಅಮ್ಮ ____ ಬೇಡ ಅಂದರು" ಅನ್ನುವ ವಾಕ್ಯ ಚೆನ್ನಾಗಿ ಹೊಂದುತ್ತದೆ. ಮ, ಬ ಹೇಳುವಾಗ ನಾಲಗೆಗೆ ತನ್ನ ಕೆಲಸವಿಲ್ಲ, ಅಂಗುಳ ಖಾಲಿ.

ಇನ್ನೊಂದು ಗುಂಡಿ: ಬರಹ. ಲ, ಳ ಬೆರೆಸಿ ಮಾತಾಡುವವರ ಮುಂದೆ "ಬಳೆ" ಅಂತ ಅಚ್ಚಾದ ಕಾಗದ ಹಿಡಿದರೆ ಮೇಷ್ಟರ ಮುಂದೆ ನಿಂತ ಹಾಗೆ ಬಿಡಿಸಿ ಓದುತ್ತಾರೆ. ನಿಮಗೆ ಸಿಗುವುದು ಓದಿನ ಉಚ್ಚಾರಣೆ. ನೀವೇ ಹೇಳಿಕೊಟ್ಟರೆ ನಿಮ್ಮ ಉಚ್ಚಾರಣೆಯನ್ನೇ ವಾಪಸ್ ಕೊಡುತ್ತಾರೆ. ಚಿತ್ರ ತೋರಿಸಿ. ಬಳೆ, ಬಲೆ, ಹುಲಿ, ಹಲ್ಲಿ ಎಲ್ಲಕ್ಕೂ ಚಿತ್ರ ಸಿಗುತ್ತದೆ. ಪ್ರತಿ ಪದವನ್ನೂ ಐದರಿಂದ ಹತ್ತು ಸಲ, ಪ್ರತಿ ಸಲವೂ ಕ್ರಮ ಕಲಸಿ.

ಹಂತ 6: ಪ್ಲೇಟಿಗೆ ಬಾಯಿ ಒಗ್ಗಿಸುವುದು

ಮೊದಲ ಸಲ ಹಾಕಿಕೊಂಡಾಗ ಜೊಲ್ಲು ಸುರಿಯುತ್ತದೆ, ಸಕಾರ ತೊದಲುತ್ತದೆ, ನಗು ಬರುತ್ತದೆ. ಆಗ ತೆಗೆದ ದಾಖಲೆ ಪ್ಲೇಟಿನ ಜೊತೆ ಒದ್ದಾಡುತ್ತಿರುವ ನಾಲಗೆಯದು. ರೆಕಾರ್ಡಿಂಗ್‌ಗೆ ಮೊದಲಿನ ದಿನಗಳಲ್ಲಿ ಮೊದಲು ಸ್ವಲ್ಪ ಹೊತ್ತು, ಆಮೇಲೆ ಜಾಸ್ತಿ ಹೊತ್ತು ಹಾಕಿಕೊಂಡು ಮನೆಯವರ ಜೊತೆ ಮಾತಾಡಲಿ. ಸೆನ್ಸರ್ ಇಲ್ಲದ, ಅದೇ ದಪ್ಪದ ಅಭ್ಯಾಸದ ಪ್ಲೇಟ್ ಮಾಡಿಸಿದರೆ ಅನುಕೂಲ. ಊರಿನ ಡೆಂಟಲ್ ಲ್ಯಾಬಿನವರೇ ನಿಮ್ಮ ಹತ್ತಿರದ ಎರಡನೇ ಮಾಡೆಲ್ ಮೇಲೆ ಮಾಡಿಕೊಡುತ್ತಾರೆ. ಊಟ ಮಾಡುವಾಗ, ಮಲಗುವಾಗ ಹಾಕಿಕೊಳ್ಳಬಾರದು.

ಒಗ್ಗಿದೆಯಾ ಅಂತ ಹೇಗೆ ತಿಳಿಯುವುದು? ಪ್ಲೇಟ್ ಇಲ್ಲದೆ, ಪ್ಲೇಟ್ ಹಾಕಿಕೊಂಡು ಅದೇ ವಾಕ್ಯ ರೆಕಾರ್ಡ್ ಮಾಡಿ ಬೇರೆ ಯಾರಿಗಾದರೂ ಕೇಳಿಸಿ. ಅವರು ಬೇರ್ಪಡಿಸಲಾರದೆ ಹೋದರೆ ಮುಂದಕ್ಕೆ ಹೋಗಿ.

ಹಂತ 7: ರೆಕಾರ್ಡಿಂಗ್ ದಿನ

ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತುಬಿಡಿ. ಬ್ಯಾಟರಿ ಮೇಲೆ ನಡೆಸಿದರೆ ಅಪಾಯವೂ ಕಡಿಮೆ, ಧ್ವನಿಯಲ್ಲಿ ಗುಂಯ್ ಅನ್ನುವ ಸದ್ದೂ ಕಡಿಮೆ. ಫ್ಯಾನ್ ಆಫ್. ಪಕ್ಕದ ಬೋರ್‌ವೆಲ್ ಮೋಟಾರ್ ಯಾವ ಹೊತ್ತಿಗೆ ಓಡುತ್ತದೆ ಅಂತ ಮೊದಲೇ ವಿಚಾರಿಸಿಡಿ.

ಪ್ಲೇಟ್ ಹಾಕಿದ ಮೇಲೆ ಎರಡು ಪರೀಕ್ಷೆ. ನಾಲಗೆಯನ್ನು ಪೂರ್ತಿ ಮೇಲಕ್ಕೆ ಒತ್ತಿ ಅನ್ನಿ: ಪರದೆಯ ಮೇಲೆ ಹೆಚ್ಚುಕಡಿಮೆ ಎಲ್ಲ ಚುಕ್ಕಿಗಳೂ ಹೊತ್ತಬೇಕು. ಬಾಯಿ ತೆರೆದು ನಾಲಗೆ ಕೆಳಗಿಟ್ಟುಕೊಳ್ಳಿ ಅನ್ನಿ: ಎಲ್ಲ ಆರಬೇಕು. ಎರಡರಲ್ಲೂ ಹೊತ್ತದ ಚುಕ್ಕಿ ಸತ್ತಿದೆ. ಎರಡರಲ್ಲೂ ಉರಿಯುವ ಚುಕ್ಕಿ ಸುಳ್ಳು ಹೇಳುತ್ತಿದೆ. ಯಾವ ಸಾಲು, ಎಷ್ಟನೆಯದು ಅಂತ ಆಗಲೇ ಬರೆದುಕೊಳ್ಳಿ.

ನಾಲಗೆ ಬಿಟ್ಟ ಮೇಲೂ ಚುಕ್ಕಿ ಉರಿಯುತ್ತಿದ್ದರೆ ಎಂಜಲಿನ ಎಳೆ ಕರೆಂಟು ಹರಿಸುತ್ತಿದೆ ಅಂತ ಅರ್ಥ. ನುಂಗಲು ಬಿಡುವು ಕೊಡಿ, ಯಂತ್ರದ ಸೂಕ್ಷ್ಮತೆ ಸ್ವಲ್ಪ ಇಳಿಸಿ. ಪೂರ್ತಿ ಇಳಿಸಿದರೆ ನಿಜವಾಗಿ ತಾಗಿದ್ದೂ ಮಾಯವಾಗುತ್ತದೆ. ಮಧ್ಯೆ ಮಧ್ಯೆ ಬದಲಾಯಿಸಬೇಡಿ, ಒಬ್ಬರಿಗೆ ಒಂದೇ ಸೆಟ್ಟಿಂಗ್.

ಧ್ವನಿ ಮತ್ತು ಚುಕ್ಕಿಗಳ ಸಮಯ ಹೊಂದಿದೆಯಾ ನೋಡಲು ಒಂದು ಸುಲಭ ಉಪಾಯ. ಎತ್ತು ಹೊಡೆಯುವಾಗ ನಾಲಗೆಯಿಂದ ಟಕ್ ಅನ್ನಿಸುತ್ತೀವಲ್ಲ, ಅದನ್ನು ಶುರುವಿನಲ್ಲಿ ಎರಡು ಮೂರು ಸಲ ಮಾಡಿಸಿ. ಟಕ್ ಸದ್ದು ಬರುವ ಕ್ಷಣವೂ ಚುಕ್ಕಿಗಳು ಆರುವ ಕ್ಷಣವೂ ಒಂದೇ ಆಗಿರಬೇಕು. ಬೇರೆಯಾಗಿದ್ದರೆ ಆ ಅಂತರವನ್ನು ಆಮೇಲೆ ಸರಿಪಡಿಸಿಕೊಳ್ಳಬಹುದು.

ಹಂತ 8: ಚಿತ್ರ ಓದುವುದು, ಅಂಕಿ ತೆಗೆಯುವುದು

ಮೊದಲು ಗುರುತು ಹಿಡಿಯಲು ಕಲಿಯಿರಿ. ತಕಾರಕ್ಕೆ ಮುಂದಿನ ಸಾಲುಗಳು ಪೂರ್ತಿ, ಎರಡು ಅಂಚುಗಳು ಉದ್ದಕ್ಕೂ, ಒಟ್ಟಿಗೆ ಕುದುರೆ ಲಾಳದ ಆಕಾರ. ಸಕಾರಕ್ಕೂ ಹೆಚ್ಚುಕಡಿಮೆ ಹಾಗೇ, ಆದರೆ ಮುಂದೆ ನಡುವಿನಲ್ಲಿ ಗಾಳಿ ಹೋಗಲು ಸಣ್ಣ ಸಂದು. ಲಕಾರಕ್ಕೆ ಮುಂದೆ ನಡುವಿನಲ್ಲಿ ತಾಗಿ, ಅಂಚಿನಲ್ಲಿ ಒಂದು ಕಡೆಯೋ ಎರಡೂ ಕಡೆಯೋ ತೆರೆದಿರುತ್ತದೆ. ಇಕಾರಕ್ಕೆ ಎರಡೂ ಅಂಚು ದಪ್ಪವಾಗಿ. ಆಕಾರಕ್ಕೆ ಏನೂ ಇಲ್ಲದಷ್ಟು ಕಡಿಮೆ. ಟಕಾರಕ್ಕೆ ಲಾಳದ ಮುಂಭಾಗ ಹಿಂದಕ್ಕೆ ಸರಿದಿರುತ್ತದೆ.

ಆಮೇಲೆ ಲೆಕ್ಕ. ತಾಗಿದ ಚುಕ್ಕಿಗಳ ತೂಕ ಸರಾಸರಿ ಎಲ್ಲಿದೆ ಅಂತ ತೋರಿಸುವ ಒಂದು ಅಂಕಿ ಬಹಳ ಬಳಕೆಯಲ್ಲಿದೆ. ಗುರುತ್ವ ಕೇಂದ್ರ ಅನ್ನೋಣ. ಮೊದಲ ಸಾಲಿನ ಚುಕ್ಕಿಗೆ 7.5, ಎರಡನೆಯದಕ್ಕೆ 6.5, ಹೀಗೆ ಒಂದೊಂದು ಇಳಿಯುತ್ತಾ ಎಂಟನೆಯದಕ್ಕೆ 0.5. ಗುಣಿಸಿ, ಕೂಡಿಸಿ, ತಾಗಿದ ಒಟ್ಟು ಚುಕ್ಕಿಯಿಂದ ಭಾಗಿಸಿ.

ಲೆಕ್ಕ ತೋರಿಸಲೆಂದೇ ಮಾಡಿಕೊಂಡ ಒಂದು ಉದಾಹರಣೆ. ಒಂದು ತಕಾರದ ಫ್ರೇಮಿನಲ್ಲಿ ಸಾಲಾಗಿ 6, 8, 4, 2, 2, 2, 2, 2 ಚುಕ್ಕಿ ತಾಗಿವೆ. ಒಟ್ಟು 28. ಗುಣಿಸಿ ಕೂಡಿಸಿದರೆ 144. ಭಾಗಿಸಿದರೆ 5.14. ಟಕಾರದಲ್ಲಿ 0, 2, 6, 8, 4, 2, 2, 2. ಒಟ್ಟು 26, ಕೂಡಿಸಿದರೆ 105, ಭಾಗಿಸಿದರೆ 4.04. ಅಂಕಿ ಚಿಕ್ಕದಾದಷ್ಟೂ ನಾಲಗೆ ಹಿಂದೆ ತಾಗಿದೆ.

ಯಾವ ಫ್ರೇಮ್ ಆರಿಸುತ್ತೀರಿ ಅನ್ನುವುದರಲ್ಲಿ ಉತ್ತರವೇ ಬದಲಾಗುತ್ತದೆ. ಟ, ಡ, ಣ ಹೇಳುವಾಗ ನಾಲಗೆ ಹಿಂದೆ ತಾಗಿ, ತಾಗಿಕೊಂಡೇ ಮುಂದಕ್ಕೆ ಜಾರಿ, ಆಮೇಲೆ ಬಿಡುತ್ತದೆ. ಬಿಡುವ ಕ್ಷಣದ ಫ್ರೇಮ್ ನೋಡಿದರೆ "ಇವರ ಟಕಾರ ತಕಾರದ ಹತ್ತಿರ ಇದೆ" ಅಂತ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಅತಿ ಹೆಚ್ಚು ಚುಕ್ಕಿ ತಾಗಿದ ಫ್ರೇಮ್ ಒಂದು, ಶುರುವಿನದೊಂದು, ಕೊನೆಯದೊಂದು, ಮೂರನ್ನೂ ತೆಗೆಯಿರಿ. ಎಲ್ಲರಿಗೂ ಅದೇ ನಿಯಮ. ಧ್ವನಿ ನೋಡಲು ಪ್ರಾಟ್ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು.

ಒಬ್ಬರ ಅಂಕಿಯನ್ನು ಇನ್ನೊಬ್ಬರ ಅಂಕಿಯ ಪಕ್ಕ ನೇರವಾಗಿ ಇಡಬೇಡಿ. ಅಂಗುಳದ ಆಳ, ಅಗಲ ಒಬ್ಬೊಬ್ಬರದು ಒಂದೊಂದು ಥರ. ಒಬ್ಬರೊಳಗೇ ತ ಮತ್ತು ಟ ನಡುವಿನ ಅಂತರ ಎಷ್ಟು ಅಂತ ಮೊದಲು ನೋಡಿ. ಆ ಅಂತರಗಳನ್ನು ಜನರ ನಡುವೆ ಹೋಲಿಸಿ.

ಪ್ಲೇಟಿನ ಆರೈಕೆ

ತಣ್ಣೀರಲ್ಲಿ ತೊಳೆದು, ಡಾಕ್ಟರ್ ಹೇಳಿದ ಕ್ಲೋರ್‌ಹೆಕ್ಸಿಡೀನ್ ದ್ರಾವಣದಲ್ಲಿ ಶುಚಿ ಮಾಡಿ. ಬಿಸಿ ನೀರಿಗೆ ಹಾಕಿದರೆ ಅಕ್ರಿಲಿಕ್ ಸೊಟ್ಟಗಾಗುತ್ತದೆ. ಮಾಡೆಲಿನ ಮೇಲೆ ಕೂರಿಸಿ ಡಬ್ಬಿಯಲ್ಲಿಡಿ. ತಂತಿ ಹಿಡಿದು ಎಳೆಯಬೇಡಿ. ಒಬ್ಬರ ಪ್ಲೇಟ್ ಇನ್ನೊಬ್ಬರ ಬಾಯಿಗೆ ಯಾವತ್ತೂ ಹೋಗಬಾರದು, ಅಣ್ಣ ತಮ್ಮಂದಿರಾದರೂ.

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ

"ಆರ್ಡುಯಿನೋ ಇಟ್ಟು ನಾವೇ ಮಾಡಬಹುದಾ?" ಸರ್ಕ್ಯೂಟ್ ಮಾಡಬಹುದು, ಬಾಯಿಗೆ ಇಡಬಾರದು. ಬೆಸುಗೆಯ ಸೀಸ, ತಾಮ್ರ, ಅಂಟು ಯಾವುದೂ ಬಾಯಿಯೊಳಗೆ ಇರಬೇಕಾದ್ದಲ್ಲ. ಚೂರು ಕಳಚಿ ಗಂಟಲಿಗೆ ಹೋಗಬಹುದು. ಗೋಡೆಯ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸಿದ ಯಾವ ಸಾಧನವನ್ನೂ ಒದ್ದೆ ಬಾಯಿಗೆ ಜೋಡಿಸಬಾರದು. ಅದರ ಬದಲು ಸ್ಟೋನ್ ಮಾಡೆಲ್ ಮೇಲೆ ಎಲೆಕ್ಟ್ರೋಡ್ ಅಂಟಿಸಿ, ಉಪ್ಪುನೀರಲ್ಲಿ ಅದ್ದಿದ ಸ್ಪಂಜನ್ನು ನಾಲಗೆಯಂತೆ ಒತ್ತಿ ಪರೀಕ್ಷೆ ಮಾಡಿ. 62 ಚುಕ್ಕಿಗಳನ್ನು ಸೆಕೆಂಡಿಗೆ 100 ಸಲ ಓದುವುದು, ಪರದೆ ಮೇಲೆ ತೋರಿಸುವುದು, ಒದ್ದೆಯಿಂದ ಬರುವ ಸುಳ್ಳು ಸಂಪರ್ಕವನ್ನು ಬೇರ್ಪಡಿಸುವುದು, ಇಷ್ಟು ಮಾಡಿದರೂ ಒಳ್ಳೆಯ ಪ್ರಾಜೆಕ್ಟೇ.

ತಂದೆ ತಾಯಂದಿರಿಗೆ

ಸೀಳಂಗುಳದ ಆಪರೇಷನ್ ಆದ ಮಕ್ಕಳಿಗೆ, ಕಿವಿ ಕೇಳದ ಮಕ್ಕಳಿಗೆ ಇಪಿಜಿಯಿಂದ ಉಚ್ಚಾರಣೆ ಕಲಿಸುವುದು ಹಲವು ದೇಶಗಳಲ್ಲಿ ನಡೆದಿದೆ. ನಾಲಗೆ ಎಲ್ಲಿಡಬೇಕು ಅಂತ ಮಗು ಪರದೆಯ ಮೇಲೆ ನೋಡಿ ಕಲಿಯುತ್ತದೆ. ಆದರೆ ಇದು ಮೊದಲ ಹೆಜ್ಜೆ ಅಲ್ಲ. ಮೊದಲು ಕಿವಿ ಪರೀಕ್ಷೆ ಮಾಡಿಸಿ, ಆಮೇಲೆ ವಾಕ್ ಚಿಕಿತ್ಸಕರನ್ನು ಕಾಣಿ. ಎಷ್ಟೋ ಮಕ್ಕಳಿಗೆ ಸಾಮಾನ್ಯ ಚಿಕಿತ್ಸೆಯಲ್ಲೇ ಸರಿಹೋಗುತ್ತದೆ. ಹಾಲುಹಲ್ಲು ಬೀಳುತ್ತಿರುವ ವಯಸ್ಸಿನಲ್ಲಿ ಪ್ಲೇಟ್ ಮಾಡಿಸಿದರೆ ಕೆಲವೇ ತಿಂಗಳಲ್ಲಿ ಕೂರದಂತಾಗಬಹುದು. ಪ್ಲೇಟ್ ಬೇಕೇ ಬೇಕು ಅಂತ ಚಿಕಿತ್ಸಕರು ಹೇಳಿದರೆ, ಯಾವ ಹಲ್ಲು ಯಾವಾಗ ಬೀಳಬಹುದು ಅಂತ ಹಲ್ಲಿನ ಡಾಕ್ಟರನ್ನು ಕೇಳಿ, ಆಮೇಲೆ ಅಳತೆ ಕೊಡಿಸಿ.